ಗಟಾರದ ಬೋರ್ಡನ್ನು ಎಬ್ಬಿಸಿದ ಹುಲಿಗೆವ್ವ

“ಕೇಳಿರಿ, ಗಂಧಾವತಿಯ ಪ್ರಜೆಗಳೇ. ನಮ್ಮ ಮಹಾಗಟಾರದ ಬಾಗಿಲು ಎತ್ತುವ ಹೊಸ ಬೋರ್ಡುಗಳು ಏಳುತ್ತಿಲ್ಲ. ಮೂರು ಒಗಟು ಬಿಡಿಸಿ ಬೋರ್ಡನ್ನು ಎಬ್ಬಿಸಿದವರಿಗೆ ಅರ್ಧ ರಾಜ್ಯ. ಸೋತವರು ಗಟಾರಕ್ಕಿಳಿದು ಕೈಯಿಂದಲೇ ಬಾಗಿಲು ಎತ್ತಬೇಕು. ಕುಲೀನರು ತಮ್ಮ ಬದಲಿಗೆ ಆಳನ್ನು ಇಳಿಸಬಹುದು.”

ಡಂಗುರದವನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇಷ್ಟನ್ನೂ ಸಾರಿದ. ಗಟಾರದ ನಾತವನ್ನಾದರೂ ತಡೆದುಕೊಂಡೇನು, ಆ ಕೊನೆಯ ಮಾತು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಗಟಾರಕ್ಕೆ ಇಳಿದವರು ಉಸಿರು ಕಟ್ಟಿ ಸಾಯುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು.

ನಡೆದದ್ದು ಇಷ್ಟು. ಊರಿನ ಹೊಲಸು ಹೊರಹೋಗುವ ಬಾಗಿಲುಗಳನ್ನು ಆರ್ಮ್ ಎಂಬ ಜಾತಿಯ ಚಿಪ್ಪು ಕೂರಿಸಿದ ಪುಟ್ಟ ಕಂಪ್ಯೂಟರ್ ಬೋರ್ಡುಗಳು ನಡೆಸುತ್ತಿದ್ದವು. ಕರೆಂಟು ಬಂದ ಕೂಡಲೇ ಬೋರ್ಡನ್ನು ಎಬ್ಬಿಸಿ, ಇದು ನಿನ್ನ ಕೈ, ಇದು ನಿನ್ನ ಕಾಲು ಎಂದು ತೋರಿಸಿ ಕೆಲಸಕ್ಕೆ ಹಚ್ಚುವ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಅದನ್ನು ಬರೆದ ಮುದುಕ ಶರಭಯ್ಯನನ್ನು ರಾಜ ಸೌರಭರಾಯ ದಂಡದ ಖರ್ಚು ಎಂದು ಕೆಲಸದಿಂದ ತೆಗೆದ. ಆಮೇಲೆ ಅಗ್ಗಕ್ಕೆ ಸಿಕ್ಕವೆಂದು ಬೇರೆ ಬೋರ್ಡು ತರಿಸಿ ಹಾಕಿಸಿದ. ಹಳೆಯ ಬೂಟ್‌ಲೋಡರಿಗೆ ಅವುಗಳ ಪರಿಚಯವೇ ಇಲ್ಲ. ಬಾಗಿಲು ಏಳಲಿಲ್ಲ, ಹೊಲಸು ಬೀದಿಗೆ ಉಕ್ಕಿ ಅರಮನೆಯ ಮೆಟ್ಟಿಲು ಹತ್ತಿತು. ಅಷ್ಟು ಹೊತ್ತಿಗೆ ಗಡಿ ದಾಟಿದ್ದ ಶರಭಯ್ಯನಿಗೆ ಹೇಳಿ ಕಳಿಸಿದರೆ ಅವನು ಮೂರು ಒಗಟು ಕಳಿಸಿ, ಇವನ್ನು ಬಿಡಿಸಬಲ್ಲವರು ಬೋರ್ಡನ್ನೂ ಎಬ್ಬಿಸುತ್ತಾರೆ ಎಂದ. ನೆಟ್ಟಗೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನ ಮೇಲೂ ನನಗೆ ಸಿಟ್ಟಿದೆ.

ಸಭೆಯ ತುಂಬ ಅಗರಬತ್ತಿಯ ಹೊಗೆ. ಪಂಪುಮನೆಯಿಂದ ತಂತಿಗಳ ಸಮೇತ ಎಳೆದು ತಂದ ಮುಖ್ಯ ಬೋರ್ಡು ಬೆಳ್ಳಿತಟ್ಟೆಯಲ್ಲಿತ್ತು, ಅದರ ಮೇಲೆ ಹೊಲಸು ಒಣಗಿ ಕರಟಿತ್ತು. ಒಬ್ಬರೂ ಮುಟ್ಟಲಿಲ್ಲ.

ಮೊದಲು ಬಂದವನು ಮಂತ್ರಿಯ ಅಳಿಯ ಕೀರ್ತಿಧರ. ರಾಜ ಕೇಳಿದ: “ಮನೆ ಇನ್ನೂ ಕಟ್ಟಿಲ್ಲ. ಆದರೆ ಮನೆಯೊಳಗೆ ನಿಂತೇ ಕಟ್ಟಬೇಕು. ಕಟ್ಟುವವನು ಎಲ್ಲಿ ನಿಲ್ಲುತ್ತಾನೆ?”

“ಪಕ್ಕದ ಮನೆಯಲ್ಲಿ,” ಎಂದ ಕೀರ್ತಿಧರ. ಅವನು ಹಳೆಯ ಬೂಟ್‌ಲೋಡರನ್ನೇ ತೆಗೆದುಕೊಂಡು, ಅದರ ಮೊದಲ ಸಾಲಿನಲ್ಲಿದ್ದ ಬೋರ್ಡಿನ ಹೆಸರೊಂದನ್ನು ಮಾತ್ರ ಬದಲಿಸಿ ಮೆಮೊರಿ ಕಾರ್ಡಿಗೆ ಹಾಕಿ ತಂದಿದ್ದ. ಸೇವಕ ಇಕ್ಕಳದಿಂದ ಆ ಕಾರ್ಡನ್ನು ಬೋರ್ಡಿಗೆ ತೂರಿಸಿದ. ಬೋರ್ಡು ಮಿಸುಕಲಿಲ್ಲ. ಕೀರ್ತಿಧರನ ಬದಲು ಮಲ್ಲಪ್ಪ ಎಂಬ ಆಳು ಇಳಿದ. ಒಂದು ಬಾಗಿಲನ್ನು ಗೇಣಷ್ಟು ಎತ್ತಿದ, ಮೇಲೆ ಬಂದದ್ದು ಅವನ ಹೆಣ. ಮಂತ್ರಿ ಇನ್ನಷ್ಟು ಅಗರಬತ್ತಿ ಹಚ್ಚಲು ಹೇಳಿದ.

ಎರಡನೆಯವನು ರತ್ನದ ವ್ಯಾಪಾರಿ ವೃಷಭಸೇನ. ಮೊದಲನೆಯ ಒಗಟು ಬೇಡ, ಎರಡನೆಯದನ್ನೇ ಕೇಳಿ ಎಂದ. ದುಡ್ಡಿದ್ದವನ ಮಾತು, ರಾಜ ಒಪ್ಪಿದ.

“ಹುಟ್ಟುತ್ತಲೇ ಮೈ ನೋಯುತ್ತದೆ, ಬಾಯಿ ಇನ್ನೂ ಮೂಡಿಲ್ಲ. ನೋವನ್ನು ಹೇಗೆ ಹೇಳುತ್ತದೆ?”

“ಅಳುತ್ತದೆ.”

ಬಾಯಿಲ್ಲದ್ದು ಹೇಗೆ ಅತ್ತೀತೆಂದು ಯಾರೂ ಕೇಳಲಿಲ್ಲ. ಇವನ ಕಾರ್ಡಿನಲ್ಲೂ ಅದೇ ಹಳೆಯ ಸರಕು, ಬೋರ್ಡು ತಣ್ಣಗೆ ಬಿದ್ದಿತ್ತು. ವೃಷಭಸೇನ ಬಾಗಿಲ ಬಳಿ ನಿಂತಿದ್ದ ಗಟಾರದ ಆಳು ದ್ಯಾವಪ್ಪನ ಕಡೆ ಬೆರಳು ತೋರಿಸಿ, “ಇವನು ಇಳಿಯಲಿ,” ಎಂದ. ದ್ಯಾವಪ್ಪನ ಸೊಂಟಕ್ಕೆ ಹಗ್ಗ ಬಿಗಿದರು.

“ನಮ್ಮಪ್ಪನ್ನ ಇಳಸೂದಕ್ಕಿಂತ ಮೊದ್ಲ ನನ್ನ ಕೇಳ್ರಿ.” ಹಾಗೆಂದವಳು ಅವನ ಮಗಳು ಹುಲಿಗೆವ್ವ. ಶರಭಯ್ಯನ ಸಾಮಾನಿನ ಚೀಲ ಹೊರುತ್ತ, ಅದ್ಯಾಕ ಇದ್ಯಾಕ ಎಂದು ಅವನ ತಲೆ ತಿಂದು ಕಲಿತವಳು.

“ಸೋತರೆ ಅಪ್ಪನ ಜೊತೆ ನೀನೂ ಇಳಿಯಬೇಕು. ಹೊಲಸು ಈ ಸಿಂಹಾಸನದ ಕಾಲು ಮುಟ್ಟುವವರೆಗೆ ಸಮಯ,” ಎಂದ ರಾಜ.

“ಗೊತ್ತೈತ್ರಿ.”

ಅವಳು ಬೋರ್ಡನ್ನು ಕೈಗೆತ್ತಿಕೊಂಡಳು. ಉಗುರಿನಿಂದ ಕರಟು ಕೆರೆದು ಸೆರಗಿನಲ್ಲಿ ಒರೆಸಿದಳು. ಸಿಂಹಾಸನದ ಪಕ್ಕದಲ್ಲಿದ್ದ ರಾಣಿ ಮುಖ ಆ ಕಡೆ ತಿರುಗಿಸಿದಳು. ಹುಲಿಗೆವ್ವ ಚಿಪ್ಪಿನ ಮೇಲಿನ ಅಂಕೆ ಓದಿ, ಶರಭಯ್ಯ ಬಿಟ್ಟುಹೋದ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಬರೆಯತೊಡಗಿದಳು. ಹಗ್ಗ ಬಿಗಿಸಿಕೊಂಡ ಅಪ್ಪ ಪಕ್ಕದಲ್ಲೇ ನಿಂತಿದ್ದ. ಹೊಲಸು ಸಭೆಯ ಹೊಸ್ತಿಲು ದಾಟಿತು.

ಕಡೆಗೆ ಕಾರ್ಡು ಹಾಕಿದಳು. ಬೋರ್ಡಿನ ದೀಪ ಒಮ್ಮೆ ಮಿನುಗಿತು, ಇನ್ನೊಮ್ಮೆ ಮಿನುಗಿ ಆರಿತು. ವೃಷಭಸೇನ ನಕ್ಕ. “ಎರಡನೇ ಹೆಜ್ಜ್ಯಾಗ ಬಿದ್ದೈತಿ,” ಎಂದು ಅವಳು ಒಂದು ಅಂಕೆ ತಿದ್ದಿ ಮತ್ತೆ ಹಾಕಿದಳು. ಹೊಲಸು ಸಿಂಹಾಸನದ ಕಾಲಿಗೆ ಬೆರಳಷ್ಟು ದೂರದಲ್ಲಿತ್ತು. ದೀಪ ಮಿನುಗಿತು, ಮಿನುಗುತ್ತಲೇ ಹೋಯಿತು, ಆಮೇಲೆ ನಿಂತು ಬೆಳಗಿತು. ನೆಲದಡಿಯಲ್ಲಿ ಬಾಗಿಲುಗಳು ಗುಡುಗುಡು ಎಂದು ಎದ್ದವು.

ಹೊಲಸು ಇಳಿಯುತ್ತಿರುವುದನ್ನು ಕಂಡ ಮೇಲೆ ರಾಜನಿಗೆ ಒಗಟು ನೆನಪಾಯಿತು.

“ಮೊದಲನೇದು ಕೇಳ್ರಿ,” ಎಂದಳು ಹುಲಿಗೆವ್ವ. “ಮನಿ ಅಂದ್ರ ಬೋರ್ಡಿನ ದೊಡ್ಡ ಮೆಮೊರಿ. ಅದು ಏಳೂಮಟ ಬೂಟ್‌ಲೋಡರಿಗೆ ಜಾಗಾ ಇಲ್ಲ, ಅದನ್ನ ಎಬ್ಬಸಾಂವಾನೂ ಅವನ. ಚಿಪ್ಪಿನ ಹೊಟ್ಟ್ಯಾಗ ಅಂಗೈಯಷ್ಟು ಮೆಮೊರಿ ಇರತೈತಿ, ಮೊದ್ಲ ಅದರಾಗ ನಿಂದರ್ತಾನ. ಎರಡನೇದು, ಪರದೆ ಮ್ಯಾಲೆ ಅಕ್ಷರ ಬರೂದಕ್ಕಿಂತ ಮೊದ್ಲ ದೀಪ ಮಿಣಕಸ್ತಾನ. ಎಷ್ಟನೇ ಮಿಣುಕಿಗೆ ನಿಂತ ಅಂತ ನೋಡಿದ್ರ ಎಲ್ಲಿ ನೋವು ಅಂತ ತಿಳೀತೈತಿ.”

“ಮೂರನೆಯದು,” ಎಂದ ರಾಜ. “ಅಣ್ಣನ ಮುಖವನ್ನೇ ಹೊತ್ತ ತಮ್ಮ, ಅಣ್ಣನ ಅಂಗಿ ತೊಡಿಸಿದರೆ ಸಾಯುತ್ತಾನೆ. ಅಳತೆ ಯಾರನ್ನು ಕೇಳಬೇಕು?”

“ತಮ್ಮನ್ನ. ಹಳೇ ಬೋರ್ಡು ಅಣ್ಣ, ಹೊಸಾದು ತಮ್ಮ. ಹೊಸಾದು ಬಂದ ಡಬ್ಬಿ ಮ್ಯಾಲೆ ಹಳೇ ಮೆಮೊರಿ ಹೆಸರೈತಿ, ಬೋರ್ಡಿನ್ಯಾಗ ಕುಂತದ್ದು ಬ್ಯಾರೆ. ಹೊಲಸು ಕೆರದು ನೋಡಿದ್ರ ಇವರಿಗೂ ಕಾಣಸ್ತಿತ್ತು. ಅಷ್ಟಾಗಿದ್ರ ಮಲ್ಲಪ್ಪ ಕಾಕಾ ಉಳೀತಿದ್ದ.”

ಕೀರ್ತಿಧರ ಕರವಸ್ತ್ರ ಸರಿಮಾಡಿಕೊಂಡ. ಮಂತ್ರಿ ರಾಜನ ಕಿವಿಯಲ್ಲಿ, ಬರಡು ಸೀಮೆ ಇರುವ ಅರ್ಧವನ್ನು ಕೊಟ್ಟು ಕಳಿಸಿ ಎಂದ. ಹುಲಿಗೆವ್ವನಿಗೆ ಅದು ಕೇಳಿಸಿತು.

“ಅದು ಬ್ಯಾಡ್ರಿ. ನೆಲದ ಕೆಳಗಿನ ಅರ್ಧ ಕೊಡ್ರಿ, ಗಟಾರ ಇರೂದು.”

ಸಭೆ ಹೊಟ್ಟೆ ಹಿಡಿದು ನಕ್ಕಿತು. ರಾಜ ಸಂತೋಷದಿಂದ ತಾಮ್ರಪಟದ ಮೇಲೆ ಮುದ್ರೆ ಒತ್ತಿದ. ಅವಳು ಅಪ್ಪನ ಸೊಂಟದ ಹಗ್ಗ ಬಿಚ್ಚಿ ರಾಜನ ಮುಂದಿಟ್ಟಳು. “ಇನ್ನ ಮ್ಯಾಲೆ ನನ್ನ ರಾಜ್ಯದಾಗ ಮನಶ್ಯಾರನ್ನ ಇಳಸೂ ಹಂಗಿಲ್ಲ.”

ಮುಂದಿನ ಮಳೆಗಾಲದಲ್ಲಿ ಅರಮನೆಯ ಔತಣದ ಎಲೆಗಳೆಲ್ಲ ಸಿಕ್ಕಿ ಒಂದು ಬಾಗಿಲು ಕಟ್ಟಿಕೊಂಡಿತು. ಆಳನ್ನು ಇಳಿಸಲು ಅಪ್ಪಣೆ ಕೊಡು ಎಂದು ರಾಜ ಹೇಳಿ ಕಳಿಸಿದ. ಆಳಿಗೆ ಅಪ್ಪಣೆ ಇಲ್ಲ, ಇಳಿಯುವುದಾದರೆ ದೊರೆಯೇ ಇಳಿಯಲಿ ಎಂದು ಹುಲಿಗೆವ್ವ ಉತ್ತರ ಕಳಿಸಿದಳು. ಮರುದಿನವೇ ರಾಜ ಕಸವನ್ನೂ ಬಾಗಿಲನ್ನೂ ಮೇಲಿನಿಂದಲೇ ಎತ್ತುವ ಯಂತ್ರ ತರಿಸಿದ. ಅದು ಮಲ್ಲಪ್ಪ ಇಳಿದ ದಿನವೂ ಪೇಟೆಯ ಅಂಗಡಿಯಲ್ಲೇ ಇತ್ತಂತೆ.