ಸಮುದ್ರಕ್ಕೆ ಅಪ್ಪಣೆ ಕೊಟ್ಟ ನರಿ

ಒಂದು ಕಾಡಿನಲ್ಲಿ ಮರಗಳೆಲ್ಲ ಉಪ್ಪುನೀರಿನಲ್ಲೇ ಕಾಲೂರಿ ನಿಂತಿದ್ದವು. ಅದು ನದಿ ಸಮುದ್ರವನ್ನು ಸೇರುವ ಅಳಿವೆಯ ಕಾಂಡ್ಲಾ ಕಾಡು. ದಿನಕ್ಕೆ ಎರಡು ಸಲ ಅಲ್ಲಿ ನೀರು ಉಬ್ಬಿ ಬರುತ್ತಿತ್ತು. ಎರಡು ಸಲ ಇಳಿದು ಹೋಗುತ್ತಿತ್ತು. ಇಳಿದಾಗ ಕೆಸರಿನ ದಿಬ್ಬವೊಂದು ಮೇಲೇಳುತ್ತಿತ್ತು. ಅದರ ತುಂಬ ಚಿಪ್ಪಿ, ಹುಳ, ಹೊಂಡದಲ್ಲಿ ಸಿಕ್ಕಿಬಿದ್ದ ಮೀನು! ಕಾಡಿನವರೆಲ್ಲ ಹೊಟ್ಟೆ ತುಂಬ ತಿನ್ನುತ್ತಿದ್ದರು. ನೀರು ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಡಿಸಿದ ಎಲೆಯ ಮುಂದೆ ಕೂತವರಿಗೆ ಪ್ರಶ್ನೆ ಹುಟ್ಟುವುದು ಕಡಿಮೆ.

ಆ ಕಾಡಿಗೆ ಗುಡ್ಡದ ಕಡೆಯಿಂದ ಒಂದು ನರಿ ಬಂತು. ಮೈಗಳ್ಳ ನರಿ, ಆದರೆ ಕಣ್ಣು ಬಲು ಚುರುಕು. ಮೂರು ದಿನ ಅದು ದಡದಲ್ಲಿ ಕೂತು ನೀರನ್ನೇ ನೋಡಿತು. ಉಬ್ಬರ ಮುಗಿಯುವಾಗ ನೀರಿನ ಮೇಲಿನ ನೊರೆ ಗಳಿಗೆಹೊತ್ತು ನಿಂತಲ್ಲೇ ನಿಲ್ಲುತ್ತಿತ್ತು. ಆಮೇಲೆ ಸಮುದ್ರದ ಕಡೆ ಮುಖ ಮಾಡುತ್ತಿತ್ತು. ಅಷ್ಟು ಗೊತ್ತಾದದ್ದೇ ಸಾಕು, ನರಿ ಮೀಸೆ ತಿರುವಿತು.

ನಾಲ್ಕನೆಯ ದಿನ ಅದು ಎಲ್ಲರನ್ನೂ ಕರೆಯಿತು. "ನಾನು ಹೇಳಿದರೆ ಸಮುದ್ರ ಹಿಂದೆ ಹೋಗುತ್ತೆ, ನೋಡ್ತೀರಾ?" ಎಂದಿತು. ನೊರೆ ತಿರುಗಿದ್ದನ್ನು ಓರೆಗಣ್ಣಿನಲ್ಲಿ ನೋಡಿಕೊಂಡು "ಊ... ಊ..." ಎಂದು ಊಳಿಟ್ಟಿತು. ನೀರು ಮೆಲ್ಲಗೆ ಇಳಿಯತೊಡಗಿತು.

ಕಾಡುಹಂದಿ ಬಾಯಿ ಬಿಟ್ಟುಕೊಂಡು ನಿಂತಿತು. "ಎಂಥ ಶಕ್ತಿ ಮಾರಾಯ!" ಎಂದಿತು. ಬೆಳ್ಳಕ್ಕಿ ಕೊಕ್ಕು ಬಾಗಿಸಿ ನಮಸ್ಕಾರ ಮಾಡಿತು.

"ಇನ್ನು ಮೇಲೆ ದಿಬ್ಬದ ಅರ್ಧ ಪಾಲು ನನ್ನದು," ಎಂದಿತು ನರಿ. "ಇನ್ನೊಂದು ಮಾತು. ನಾನು ಊಳಿಟ್ಟು ಮುಗಿಸುವ ತನಕ ಯಾರೂ ನೀರಿಗೆ ಕಾಲಿಡಬಾರದು. ಇಟ್ಟರೆ ಸಮುದ್ರಕ್ಕೆ ಸಿಟ್ಟು ಬರುತ್ತೆ!"

ಅಂದಿನಿಂದ ನರಿ ಕೂತಲ್ಲೇ ದಪ್ಪಗಾಯಿತು. ಉಳಿದವರು ಸಣ್ಣಗಾದರು. ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ನೀರುನಾಯಿ ಚಿಮ್ಮಿಗೆ. ಅವಳಿಗೆ ಮೂರು ಎಳೆಯ ಮರಿಗಳು. ಅರ್ಧ ಪಾಲಿನಲ್ಲಿ ಆ ಮೂರು ಹೊಟ್ಟೆ ತುಂಬುತ್ತಿರಲಿಲ್ಲ. ಹಸಿದ ಮರಿಗಳು ಆಟ ಬಿಟ್ಟು ಮುದುಡಿ ಮಲಗುತ್ತಿದ್ದವು. ಅದನ್ನು ನೋಡಲಾರದೆ ಚಿಮ್ಮಿ ಎದ್ದಳು. ಅವಳು ಮರಿಗಳನ್ನು ಕಟ್ಟಿಕೊಂಡು ಏಡಿಯಜ್ಜಿಯ ಬಿಲಕ್ಕೆ ಹೋದಳು.

ಏಡಿಯಜ್ಜಿ ಉಬ್ಬರ ಬರುವ ಮೊದಲೇ ತನ್ನ ಬಿಲಕ್ಕೆ ಕೆಸರಿನ ಮುಚ್ಚಳ ಹಾಕಿಕೊಳ್ಳುವವಳು. ಸ್ವಲ್ಪ ತಡವಾದರೂ ಮನೆ ಮುಳುಗುತ್ತಿತ್ತು. ಅದಕ್ಕೇ ಅವಳು ಹುಟ್ಟಿದಾಗಿನಿಂದ ನೀರಿನ ಲೆಕ್ಕ ಬಲ್ಲವಳು. ಚಿಮ್ಮಿಯ ಮಾತು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಮಗಾ, ನೀರನ್ನು ಎಳೆಯೋದು ಚಂದ್ರ! ಮರದಿಂದ ಕಾಯಿ ಬಿದ್ದರೆ ಭೂಮಿ ಎಳ್ಕೊಳ್ಳುತ್ತಲ್ಲ, ಹಾಗೇ ಚಂದ್ರನಿಗೂ ಒಂದು ಸೆಳೆತ ಉಂಟು. ಅದರಿಂದಲೇ ಸಮುದ್ರ ಉಬ್ಬೋದು, ಚಂದ್ರನ ಕಡೆ ಒಂದು ಉಬ್ಬು, ಭೂಮಿಯ ಆಚೆ ಬದಿಗೆ ಇನ್ನೊಂದು. ಭೂಮಿ ತಿರುಗ್ತಾ ಇರುತ್ತೆ ನೋಡು, ಅದಕ್ಕೇ ದಿನಕ್ಕೆ ಎರಡು ಸಲ ಉಬ್ಬು ನಮ್ಮ ಕಡೆ ಬರುತ್ತೆ."

"ಚಂದ್ರ ನನ್ನನ್ನೂ ಎಳೀತಾನಾ ಅಜ್ಜಿ?" ಎಂದು ಕೇಳಿತು ಕಿರಿಯ ಮರಿ.

"ಎಳೀತಾನೆ ಪುಟ್ಟಾ. ನೀನು ಇಷ್ಟೇ ಇಷ್ಟು ಇದ್ದೀಯಲ್ಲ, ನಿನಗೆ ಗೊತ್ತಾಗಲ್ಲ. ಸಮುದ್ರ ಅಷ್ಟು ದೊಡ್ಡದು, ಅದಕ್ಕೆ ಗೊತ್ತಾಗುತ್ತೆ."

"ನರಿಯಣ್ಣ ಕೂಗಿದ ಮೇಲೇ ನೀರು ಇಳಿಯುತ್ತಲ್ಲ ಅಜ್ಜಿ?" ಎಂದಳು ಚಿಮ್ಮಿ.

"ಚಂದ್ರ ದಿನಾ ಸುಮಾರು ಎರಡು ಗಳಿಗೆ ತಡವಾಗಿ ಹುಟ್ಟುತ್ತಾನೆ. ನೀರೂ ಎರಡು ಗಳಿಗೆ ತಡ. ನಿಮ್ಮ ನರಿಯಣ್ಣನ ಊಳೂ ದಿನಾ ಎರಡು ಗಳಿಗೆ ತಡ! ಈಗ ನೀನೇ ಹೇಳು, ಒಡೆಯ ಯಾರು, ಆಳು ಯಾರು?"

ಚಿಮ್ಮಿಯ ಕಣ್ಣು ಅರಳಿತು. ಅಜ್ಜಿ ಮುಂದುವರಿಸಿದಳು. "ನಾಳೆ ಹುಣ್ಣಿಮೆ. ಸೂರ್ಯ ಚಂದ್ರ ಇಬ್ಬರೂ ಒಂದೇ ಗೆರೆಗೆ ನಿಂತು ಜಗ್ಗುವ ದಿನ. ನೀರು ಬಹಳ ದೂರ ಹೋಗುತ್ತೆ. ಆ ಕರಿಬಂಡೆಯ ತನಕ ನೆಲ ಕಾಣುತ್ತೆ. ಅಲ್ಲಿ ಅಂಗೈಯಗಲದ ಚಿಪ್ಪಿಗಳಿವೆ..."

ಪೊದೆಯ ಹಿಂದೆ ಕಿವಿ ನಿಮಿರಿಸಿ ನಿಂತಿದ್ದ ನರಿಗೆ ಅಷ್ಟು ಕೇಳಿದ್ದೇ ತಡ, ಬಾಯಲ್ಲಿ ನೀರೂರಿತು. ಅದು ಅಲ್ಲಿಂದ ಓಟ ಕಿತ್ತಿತು. ಅಜ್ಜಿಯ ಮಾತು ಇನ್ನೂ ಮುಗಿದಿರಲಿಲ್ಲ. "...ಆದರೆ ಹೋದಷ್ಟೇ ಜೋರಾಗಿ ತಿರುಗಿ ಬರುತ್ತೆ. ಕರಿಬಂಡೆಯೇ ಮುಳುಗುತ್ತೆ. ಯಾರೂ ಅಷ್ಟು ದೂರ ಹೋಗಿ ಮೈಮರೆಯಬಾರದು."

ಚಿಮ್ಮಿ ಇದನ್ನು ಕಾಡಿಗೆಲ್ಲ ಹೇಳಿದಳು. ಯಾರೂ ನಂಬಲಿಲ್ಲ. "ಚಂದ್ರನಿಗೆ ಕೈಯೇ ಇಲ್ಲ, ಎಳೆಯೋದು ಹೇಗೆ?" ಎಂದು ಕಾಡುಹಂದಿ ಗಹಗಹಿಸಿತು.

ಹುಣ್ಣಿಮೆಯ ಮಧ್ಯಾಹ್ನ ನರಿ ಎಲ್ಲರನ್ನೂ ದಡದಲ್ಲೇ ನಿಲ್ಲಿಸಿತು. "ಇವತ್ತು ಸಮುದ್ರಕ್ಕೆ ಸಿಟ್ಟು ಬಂದಿದೆ. ನಾನೊಬ್ಬನೇ ಹೋಗಿ ಸಮಾಧಾನ ಮಾಡಿ ಬರ್ತೇನೆ," ಎಂದು ಹೊರಟಿತು. ದಿಬ್ಬ ದಾಟಿತು, ಹಳ್ಳ ದಾಟಿತು, ಕರಿಬಂಡೆ ಮುಟ್ಟಿತು. ಅಬ್ಬಾ, ಎಂಥ ಚಿಪ್ಪಿಗಳು! ಒಂದು ಒಡೆಯಿತು, ಹತ್ತು ಒಡೆಯಿತು. ಹೊಟ್ಟೆ ಸಾಕು ಎಂದಿತು, ನಾಲಿಗೆ ಬೇಕು ಎಂದಿತು.

ಸಂಜೆಯಾಗಿ ತಲೆಯೆತ್ತಿ ನೋಡಿದರೆ ಹಿಂದಿನ ಹಳ್ಳ ತುಂಬಿ ಹರಿಯುತ್ತಿತ್ತು. ನರಿ ಬಂಡೆ ಹತ್ತಿತು. ನೀರೂ ಬಂಡೆ ಹತ್ತಿತು.

"ಊ... ಊ... ಹಿಂದೆ ಹೋಗು! ಹೋಗು ಅಂದೆ!" ಎಂದು ಕಿರುಚಿತು.

ದಡದಲ್ಲಿ ಎಲ್ಲರೂ ಭಕ್ತಿಯಿಂದ ಸಾಲಾಗಿ ನಿಂತರು. "ಇವತ್ತು ಎಷ್ಟು ಮನಸ್ಸಿಟ್ಟು ಊಳಿಡ್ತಾ ಇದ್ದಾನೆ!" ಎಂದು ಕಾಡುಹಂದಿ ಮೆಚ್ಚಿತು.

ಪೂರ್ವದ ಗುಡ್ಡದ ಮೇಲೆ ಚಂದ್ರ ದುಂಡಗೆ ಮೂಡಿದ. ನೀರು ನರಿಯ ಹೊಟ್ಟೆಗೆ ಬಂತು.

"ಅಯ್ಯೋ, ಬನ್ನಿ! ಕಾಪಾಡಿ!"

"ಬರೋದು ಹೇಗೆ ನರಿಯಣ್ಣಾ?" ಎಂದಿತು ಬೆಳ್ಳಕ್ಕಿ. "ನೀನು ಊಳಿಟ್ಟು ಮುಗಿಸುವ ತನಕ ನೀರಿಗೆ ಕಾಲಿಡಬಾರದು ಅಂತ ನೀನೇ ಹೇಳಿದ್ದೀಯಲ್ಲ!"

ನೀರು ಕುತ್ತಿಗೆಗೆ ಬಂತು. ಇನ್ನು ಜಂಬ ಎಲ್ಲಿ ಉಳಿದೀತು?

"ನಾನು ಹೇಳಿದ್ದೆಲ್ಲ ಸುಳ್ಳು!" ಎಂದು ನರಿ ಗಂಟಲು ಹರಿಯುವಂತೆ ಕೂಗಿತು. "ನೀರು ನನ್ನ ಮಾತು ಕೇಳಲ್ಲ! ಯಾವತ್ತೂ ಕೇಳಿಲ್ಲ! ಅದು ತಿರುಗಿದ್ದನ್ನು ನೋಡಿ ಆಮೇಲೆ ನಾನು ಊಳಿಡ್ತಿದ್ದೆ!"

ದಡದಲ್ಲಿ ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು. ಚಿಮ್ಮಿ ಮಾತ್ರ ನಗುತ್ತ ನಿಲ್ಲಲಿಲ್ಲ. ತೇಲಿಬಂದ ಒಂದು ಮರದ ಕೊರಡನ್ನು ಮೂಗಿನಿಂದ ತಳ್ಳಿಕೊಂಡು ಸರ್ರನೆ ಈಜಿ ಹೋದಳು. ನರಿ ಅದನ್ನು ನಾಲ್ಕೂ ಕಾಲಿನಿಂದ ಅಪ್ಪಿಕೊಂಡು, ಮೂಗಿಗೆ ಉಪ್ಪುನೀರು ಏರಿಸಿಕೊಂಡು, ಸೀನುತ್ತಾ ದಡ ಸೇರಿತು.

ಮರುದಿನ ಉಬ್ಬರ ಮುಗಿಯಿತು. ಯಾರೂ ಊಳಿಡಲಿಲ್ಲ. ನೀರು ತನ್ನಷ್ಟಕ್ಕೆ ತಾನೇ ಇಳಿಯಿತು. ಚಿಮ್ಮಿಯ ಮರಿಗಳು ಎಲ್ಲರಿಗಿಂತ ಮುಂದೆ ದಿಬ್ಬಕ್ಕೆ ಓಡಿದವು. ಹೊಟ್ಟೆ ಬಿರಿಯುವಷ್ಟು ತಿಂದು ಕೆಸರಿನಲ್ಲಿ ಉರುಳಾಡಿದವು. ನರಿ ಎಲ್ಲರ ಹಿಂದೆ ಬಂದು, ತನ್ನ ಪಾಲಿನ ಚಿಪ್ಪಿಯನ್ನು ತಾನೇ ಕೆದಕಿ ತೆಗೆಯಿತು.

ನೀತಿ: ತಾನಾಗಿ ನಡೆಯುವುದನ್ನು ತಾನೇ ನಡೆಸಿದೆ ಎಂದು ಸುಳ್ಳು ಹೇಳಿ ಬದುಕುವವನಿಗೆ, ಆ ಸುಳ್ಳೇ ಆಪತ್ತಿನಲ್ಲಿ ಕೈಕೊಡುತ್ತದೆ.