ಗುದ್ದಲಿ ತಂದ ಗಂಟೆ

ಸಂತರ ಕೈಯಿಂದ ಪವಾಡ ಮಾಡಿಸಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ಸುಳ್ಳು. ನಾನು ಮಾಡಿದ್ದು ತಪ್ಪು, ಪವಾಡ ಮಾಡಿದ್ದು ಅವರು. ನಡುವೆ ಇದ್ದದ್ದು ಒಂದು ಗಂಟೆ ಮಾತ್ರ.

ಪೂಜ್ಯ ಇನ್ನಾಸಪ್ಪ ಗುರುಗಳನ್ನು ರೋಮಾಪುರಿ ಇನ್ನೂ ಸಂತರೆಂದು ಸಾರಿಲ್ಲ. ನಮ್ಮ ಹುಣಸೆಪೇಟೆ ಸಾರಿ ಬಹಳ ವರ್ಷವಾಯಿತು. ಅವರು ನಮ್ಮೂರಿಗೆ ಬಂದಾಗ ಇಲ್ಲಿ ಕ್ರೈಸ್ತ ದೇವಾಲಯವಿತ್ತು, ಶಾಲೆಯಿರಲಿಲ್ಲ. ಪಾಳುಬಿದ್ದ ಒಂದು ರೇಷ್ಮೆಹುಳುವಿನ ಮನೆಯಲ್ಲಿ ಏಳು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸಲು ಆರಂಭಿಸಿದರು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನೇ ಅಡ್ಡ ನಿಲ್ಲಿಸಿ ತರಗತಿಗಳನ್ನು ಬೇರೆ ಮಾಡಿದರು. ಆಚೆ ಮಗ್ಗಿ, ಈಚೆ ಮಂತ್ರ. ಆ ಮನೆಯೇ ಬೆಳೆದು ಪ್ರೌಢಶಾಲೆಯಾಯಿತು. ಗುರುಗಳು ಮಾತ್ರ ಅದರ ಕೊನೆಯ ಕೋಣೆಯಲ್ಲೇ ಉಳಿದರು. ತೇಪೆ ಹಾಕಿದ ನಿಲುವಂಗಿ, ಒಂದು ಚಾಪೆ, ಮುರಿದ ಬೆಂಚುಗಳಿಗೆ ಕಾಲು ಜೋಡಿಸಲು ಒಂದು ಸುತ್ತಿಗೆ. ಇಷ್ಟೇ ಅವರ ಆಸ್ತಿ.

ನಾನು ಚೌರಪ್ಪ, ಆ ಶಾಲೆಯ ಜವಾನ. ದೇವಾಲಯದ ಗಂಟೆಯೂ ನನ್ನದೇ ಕೈಯಲ್ಲಿತ್ತು. ಆಗ ನನಗೆ ಮೂವತ್ತು ವರ್ಷ, ಬುದ್ಧಿಗೆ ಹತ್ತು.

ಟೀ ಕುಡಿಯುತ್ತಾ ಕೇಳಿ, ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಶಾಲೆಗೆ ಶಿಕ್ಷಣ ಇಲಾಖೆಯಿಂದ ಒಂದು ಪತ್ರ ಬಂತು. ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಒಂಬತ್ತು, ಹತ್ತನೆಯ ತರಗತಿ ನಡೆಸುವಂತಿಲ್ಲ. ತಿಂಗಳ ಕೊನೆಯೊಳಗೆ ಕಟ್ಟಡದ ಪಾಯವಾದರೂ ಕಾಣಬೇಕು. ಇಲ್ಲದಿದ್ದರೆ ಆ ಮಕ್ಕಳು ಹದಿನೆಂಟು ಮೈಲಿ ಆಚೆಯ ಶಾಲೆಗೆ ಹೋಗಲಿ. ಗಂಡುಹುಡುಗರು ಹೋದಾರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಎಂಟನೆಯ ತರಗತಿಗೇ ಅವರ ಓದು ಮುಗಿದಂತೆ.

ಕಲ್ಲು ಬಂದು ಬಿದ್ದಿತ್ತು. ಅಗೆಯಲು ಆಳಿರಲಿಲ್ಲ. ಸುಗ್ಗಿಯ ಕಾಲ. "ಊರವರನ್ನು ಕರೆಯೋಣ ಸ್ವಾಮಿ" ಎಂದೆ. ಗುರುಗಳು, "ರಾಗಿ ಹೊಲದಲ್ಲಿ ನಿಂತಿದೆ. ಈಗ ಕರೆಯಬಾರದು" ಎಂದು ತಾವೇ ಗುದ್ದಲಿ ಹಿಡಿದರು. ಎಪ್ಪತ್ತು ದಾಟಿದ ಮೈ. ಮೂರು ದಿನಕ್ಕೆ ಮೂರು ಮೊಳ ಅಗೆದರು.

ಕೊನೆಯ ದಿನ ಬೆಳಿಗ್ಗೆ ಜೀಪಿನಲ್ಲಿ ಅಧಿಕಾರಿ ಪರಮಶಿವಯ್ಯನವರು ಬಂದರು. ಕೆಟ್ಟವರಲ್ಲ, ಕಾಗದವನ್ನು ನಂಬುವವರು. ಮೂರು ಮೊಳದ ಗುಂಡಿಯನ್ನು ನೋಡಿ ನಕ್ಕರು.

"ಇದೇನು ಗುರುಗಳೇ, ತೆಂಗಿನ ಸಸಿ ನೆಡ್ತೀರಾ?"

ಗುರುಗಳು ಗುದ್ದಲಿಗೆ ಅಂಟಿದ ಮಣ್ಣು ಕೆರೆದರು.

"ಪ್ರಾರ್ಥನೆಯಿಂದ ಪಾಯ ಏಳಲ್ಲ ಸ್ವಾಮಿ. ಸಂಜೆ ನಾಲ್ಕಕ್ಕೆ ವರದಿ ಬರೀತೀನಿ. ಅಷ್ಟರಲ್ಲಿ ಮಕ್ಕಳ ಹಾಜರಿ, ಪುಸ್ತಕ ಎಲ್ಲಾ ನೋಡಬೇಕು."

ನನ್ನ ತಲೆಗೆ ಹುಳ ಬಿಟ್ಟಂತಾಯಿತು. ನಮ್ಮೂರಲ್ಲಿ ಸಾವಿನ ಗಂಟೆ ಬಾರಿಸಿದರೆ ಶಾಲೆಗೆ ಆ ಕ್ಷಣವೇ ರಜೆ. ಮಕ್ಕಳಿಲ್ಲದೆ ತಪಾಸಣೆ ಹೇಗೆ? ಸಾಹೇಬರು ಇನ್ನೊಂದು ದಿನ ಬರಲೇಬೇಕು! ಓಡಿದೆ. ಹಗ್ಗ ಹಿಡಿದೆ. ಒಂದು ಪೆಟ್ಟು, ಉದ್ದನೆಯ ಬಿಡುವು, ಮತ್ತೊಂದು ಪೆಟ್ಟು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಗಂಟೆ ಹೊಡೆದಿರಲಿಲ್ಲ.

ರಜೆಯೊಂದೇ ನೆನಪಿತ್ತು. ಸಾವಿನ ಗಂಟೆ ಕೇಳಿದರೆ ಜಾತಿ ಮತ ನೋಡದೆ ಮನೆಗೊಬ್ಬರು ಗುದ್ದಲಿ ಹಿಡಿದು ಸಮಾಧಿ ತೋಡಲು ಬರುತ್ತಾರೆ ಎಂಬುದು ಮರೆತೇಹೋಗಿತ್ತು.

ಬಂದರು. ಕುಡುಗೋಲು ಹೊಲದಲ್ಲೇ ಬಿಟ್ಟು, ಗುದ್ದಲಿ, ಹಾರೆ, ಮಂಕರಿ ಹಿಡಿದು ಎಲ್ಲ ಬೀದಿಗಳಿಂದಲೂ ಬಂದರು. ಸಾವಿರ ಜನ ಎಂದು ನಾನು ಹೇಳುತ್ತೇನೆ. ನೂರಿಪ್ಪತ್ತು ಎಂದು ಗಾರೆ ಮೇಸ್ತ್ರಿ ದಸ್ತಗೀರ್ ಸಾಬರು ಹೇಳುತ್ತಾರೆ. ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ಎಲ್ಲರಿಗಿಂತ ಮುಂದೆ ನಮ್ಮ ಕೇರಿಯ ಜಪಮಾಲಮ್ಮ. "ಯಾರ್ಲಾ ಚೌರ ಹೋದೋರು? ಗುರುಗಳು ನಿಂತವ್ರೆ, ಸದ್ಯ!"

ಗುರುಗಳು ನನ್ನತ್ತ ನೋಡಿದರು. "ಯಾರು ತೀರಿಕೊಂಡರು ಚೌರಪ್ಪ?"

ಯಾರಿಗೆ ಬೇಕಾದರೂ ಸುಳ್ಳು ಹೇಳಬಲ್ಲೆ. ಆ ಕಣ್ಣಿಗೆ ಹೇಳಲಾಗಲಿಲ್ಲ. "ಯಾರೂ ಇಲ್ಲ ಸ್ವಾಮಿ. ಸಾಹೇಬ್ರನ್ನ ಓಡಿಸೋಕೆ ನಾನೇ..." ಎಂದು ಮೊಣಕಾಲೂರಿದೆ.

"ರಾಗಿ ಬಿಟ್ಟು ಬಂದೀವಿ, ಮುಂಡೇದೆ!" ಜಪಮಾಲಮ್ಮ ಗುದ್ದಲಿ ಕಾವು ಎತ್ತಿದಳು. "ಗುಂಡಿ ನಿಂಗೇ ತೋಡ್ತೀವಿ ತಡಿ!" ಪರಮಶಿವಯ್ಯನವರು ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ಹಿಡಿದರು.

ಗುರುಗಳು ಕೈಯೆತ್ತಿದರು. ಗದ್ದಲ ಅಡಗಿತು.

"ಇವನು ನಿಮಗೆ ಸುಳ್ಳು ಹೇಳಿದ್ದಾನೆ. ಅವನ ಪರವಾಗಿ ಕ್ಷಮೆ ಕೇಳುತ್ತೇನೆ. ಇಲ್ಲಿ ಯಾರೂ ಸತ್ತಿಲ್ಲ. ಆದರೆ ಈ ಸಂಜೆ ನಾಲ್ಕಕ್ಕೆ ನಮ್ಮ ಹೆಣ್ಣುಮಕ್ಕಳ ಓದು ಸಾಯುತ್ತದೆ. ಹೊಲಕ್ಕೆ ಹೋಗುವವರು ನೆಮ್ಮದಿಯಾಗಿ ಹೋಗಿ. ನಾನು ಅಗೆಯುತ್ತಿರುತ್ತೇನೆ."

ಇಷ್ಟು ಹೇಳಿ ಆ ಮೂರು ಮೊಳದ ಗುಂಡಿಗೆ ಇಳಿದರು.

ಆಮೇಲೆ ಜಪಮಾಲಮ್ಮ ಎತ್ತಿದ್ದ ಗುದ್ದಲಿಯನ್ನು ನನ್ನ ತಲೆಯ ಬದಲು ನೆಲಕ್ಕೆ ಇಳಿಸಿದಳು. "ನನ್ನ ಮೊಮ್ಮಗಳು ಎಂಟ್ನೇ ಕ್ಲಾಸು. ರಾಗಿ ನಾಳೆ ಕುಯ್ದರೂ ಆಯ್ತದೆ." ದಸ್ತಗೀರ್ ಸಾಬರು ಗೂಟ ಹೊಡೆದು ದಾರ ಎಳೆದರು. "ಗುರುಗಳೇ, ಎಷ್ಟು ಅಗಲ?"

"ಅಗಲವಾಗಿಯೇ ಇರಲಿ. ಮುಂದೆ ಮೇಲಂತಸ್ತು ಬರುತ್ತದೆ. ಪಿಯುಸಿ ಅಲ್ಲಿ."

ಒಂದು ಕೋಣೆಗೇ ಗತಿಯಿಲ್ಲ, ಮೇಲಂತಸ್ತಂತೆ ಎಂದು ಪರಮಶಿವಯ್ಯನವರು ಗೊಣಗಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಅವರ ಬೂಟುಗಳು ಜೀಪಿನ ಕೆಳಗಿದ್ದವು, ಅವರ ತಲೆಯ ಮೇಲೆ ಮಣ್ಣಿನ ಮಂಕರಿಯಿತ್ತು. ಯಾರೂ ಕರೆದಿರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಪಾಯದ ಮೊದಲ ಕಲ್ಲನ್ನು ಗುರುಗಳು ಅವರ ಕೈಯಿಂದಲೇ ಇಡಿಸಿದರು. ಊರು ಕೇಕೆ ಹಾಕಿದ ಸದ್ದಿಗೆ ಗೋಪುರದ ಪಾರಿವಾಳಗಳು ಎದ್ದು ಹಾರಿದವು. ಮಣ್ಣು ಮೆತ್ತಿದ ಬೆರಳಿನಲ್ಲೇ ಸಾಹೇಬರು ವರದಿ ಬರೆದರು: "ಪಾಯದ ಕೆಲಸ ಭರದಿಂದ ಸಾಗಿದೆ. ಕಣ್ಣಾರೆ ಕಂಡಿದ್ದೇನೆ." ನಿವೃತ್ತರಾದ ಮೇಲೆ ಅದೇ ಕೋಣೆಯಲ್ಲಿ ಒಂಬತ್ತು ವರ್ಷ ಸಂಬಳವಿಲ್ಲದೆ ಗಣಿತ ಕಲಿಸಿದರು.

ಆ ರಾತ್ರಿ ಪಾಪನಿವೇದನೆಗೆ ಹೋದೆ. ಗುರುಗಳು ಕೊಟ್ಟ ಪ್ರಾಯಶ್ಚಿತ್ತ ಒಂದೇ: "ಇನ್ನು ನಿನ್ನ ಗಂಟೆ ಸುಳ್ಳಾಡಬಾರದು. ಬಾಯಿಯ ವಿಷಯ ನಿಧಾನಕ್ಕೆ ನೋಡೋಣ."

ಆರು ವರ್ಷದ ಮೇಲೆ ಅವರಿಗಾಗಿಯೇ ಆ ಗಂಟೆ ಹೊಡೆದೆ. ಜಪಮಾಲಮ್ಮ ಗುದ್ದಲಿ ಹಿಡಿದು ಓಡಿಬಂದು ನನ್ನ ಅಂಗಿ ಹಿಡಿದಳು. "ಸುಳ್ಳು ಅನ್ನೋ ಚೌರ. ಇದೊಂದ್ಸಲ ಸುಳ್ಳು ಅನ್ನು." ಅನ್ನಲಾಗಲಿಲ್ಲ. ಗಂಟೆ ನಿಜ ಹೇಳಿಯಾಗಿತ್ತು.

ಆದರೆ ಕೇಳಿ: ಅವರು ಅಗಲ ಮಾಡಿಸಿದ ಪಾಯ ಹಾಗೇ ಕಾದಿತ್ತು. ಪಿಯುಸಿಗೆ ಅನುಮತಿ ಇವತ್ತೇ ಬಂತು. ಜಪಮಾಲಮ್ಮನ ಮೊಮ್ಮಗಳೇ ಈಗ ನಮ್ಮ ಮುಖ್ಯೋಪಾಧ್ಯಾಯಿನಿ. ಪತ್ರ ಕೈಗೆ ಬಂದಾಗ ಮೊದಲು ಕರೆದದ್ದು ನನ್ನನ್ನು. "ಮಾವ, ನಾಳೆ ಬೆಳಿಗ್ಗೆ ಮೇಲಂತಸ್ತಿನ ಕೆಲಸ. ಗಂಟೆ ಹೊಡೀರಿ. ಹಬ್ಬದ ಗಂಟೆ!"

ಹೊಡೆಯುತ್ತೇನೆ. ನೀವೂ ಬನ್ನಿ, ಮಂಕರಿ ತನ್ನಿ. ಪ್ರಯೋಗಾಲಯದ ಸೂರು ಸೋರುತ್ತಿದೆ, ಹೆಣ್ಣುಮಕ್ಕಳಿಗೆ ಇನ್ನೆರಡು ಶೌಚಾಲಯ ಬೇಕು, ಅದೂ ಒಟ್ಟಿಗೇ ಆಗಿಬಿಡಲಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನವಿದ್ದರೆ ದಸ್ತಗೀರ್ ಸಾಬರನ್ನು ಕೇಳಿ. ಅಂದಹಾಗೆ ಪರ್ಸು ಮನೆಯಲ್ಲೇ ಮರೆತುಬಂದಿದ್ದೇನೆ. ಈ ಟೀ ಕಾಸು ನೀವೇ ಕೊಟ್ಟುಬಿಡಿ.