ಮಿಸ್ತ್ರಿ ಇಳಿಸಿದ ಕೊನೆಯ ಸುತ್ತು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಮುರಿಗೆಪ್ಪನವರು. ಇದರಲ್ಲಿ ಮಠದ ಗುರುಗಳಿಗೆ ಪ್ರಶ್ನೆ ಕೇಳಿದ ಶಿಷ್ಯರೂ ಅವರೇ.

ಶ್ರಾವಣ ಹತ್ತಿರ ಬಂದಿತ್ತು. ಮಾವ ಮಠಕ್ಕೆ ಹೋಗಿ ಕೇಳಿದರು: "ಅಪ್ಪಾರ, ತಿಂಗಳಿಡೀ ಬರೀ ನೀರಿನ ಮೇಲೆ ಇರುವ ಶಕ್ತಿ ನನ್ನ ದೇಹಕ್ಕಿದೆ. ನೀವು ಯಾಕೆ ಒಪ್ಪೊತ್ತು ಊಟ ಮಾಡು ಅನ್ನುತ್ತೀರಿ?"

ಗುರುಗಳು ಹೀಗೆ ಹೇಳಿದರು.

ಒಬ್ಬ ಪಂದ್ಯಗಾರನಿದ್ದ. ಕಾರಿನಲ್ಲಿ ಘಟ್ಟ ಏರುವ ಪಂದ್ಯ ಅವನದು. ಹಿಂದಿನ ವರ್ಷ ಕೂದಲೆಳೆಯಲ್ಲಿ ಸೋತಿದ್ದ. ಈ ಸಲ ಗೆಲ್ಲಲೇಬೇಕೆಂದು ಕಾರನ್ನು ಎಂಜಿನ್ ರಿಪೇರಿಯ ಒಬ್ಬ ಮಿಸ್ತ್ರಿಯ ಬಳಿ ತಂದ. ಆ ಕಾರಿಗೆ ಟರ್ಬೊ ಇತ್ತು. ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ. ಗಾಳಿಯ ಒತ್ತಡ ಏರಿದಷ್ಟೂ ಓಟ ಹೆಚ್ಚು. ಮಿತಿ ದಾಟಿದರೆ ಒಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯುತ್ತದೆ. ಘಟ್ಟದ ತಿರುವಿನಲ್ಲಿ ಒಡೆದರೆ ಕೆಳಗೆ ಕಂದರ.

ಮಿಸ್ತ್ರಿ ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದರಿಂದ ಬಂದ ರಬ್ಬರ್ ನಳಿಗೆಯನ್ನು ಕಿವಿಗಿಟ್ಟುಕೊಂಡ. ಕಾರನ್ನು ಏರಿನ ಮೇಲೆ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತ. ಪ್ರತಿ ಸಲವೂ ಒತ್ತಡವನ್ನು ತುಸು ತುಸುವೇ ಏರಿಸಿದ. ಎಂಜಿನ್ನೊಳಗೆ ಆ ಸಿಡಿತದ ಟಿಕಟಿಕ ಸದ್ದು ಕೇಳಿದ ಕೂಡಲೇ ನಿಲ್ಲಿಸಿದ. ಸದ್ದು ಅಡಗುವವರೆಗೆ, ಒತ್ತಡ ಏರಿಸಿ ಇಳಿಸುವ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಈಗ ಬೆಳಗಿನ ತಂಪು, ಪಂದ್ಯ ಮಧ್ಯಾಹ್ನ ಎಂದು ಇನ್ನಷ್ಟು ಇಳಿಸಿದ. ಆಮೇಲೆ ಮತ್ತೂ ಒಂದು ಸುತ್ತು ಇಳಿಸಿದ.

"ಬಿಸಿಲಿಗೆ ಇಳಿಸಿದ್ದು ತಿಳೀತು ಮಿಸ್ತ್ರಿ. ಇದು ಯಾರಿಗೆ?"

"ಇದು ನಿಮಗ್ರೀ ಸಾವ್ಕಾರ."

"ನಾ ಏನು ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವನೇನು?"

"ಅಲ್ಲರೀ. ಆದರ ಮುಂದ ಒಂದು ಗಾಡಿ ಕಂಡರ ನಿಮ್ಮ ಕಾಲು ನಿಮ್ಮ ಮಾತು ಕೇಳಂಗಿಲ್ಲ."

ಪಂದ್ಯಗಾರನಿಗೆ ಸಿಟ್ಟು ಬಂತು. ಮಿಸ್ತ್ರಿ ಸ್ಕ್ರೂ ಎಲ್ಲಿದೆಯೆಂದು ತೋರಿಸಿ, ಅದನ್ನು ತಿರುಗಿಸುವ ಉಪಕರಣವನ್ನೂ ಅವನ ಕೈಗೇ ಕೊಟ್ಟು ಕಳಿಸಿದ.

ಪಂದ್ಯದ ದಿನ, ಒತ್ತಡ ಇಳಿಸಿದ್ದು ತಿಳಿದು ಗೆಳೆಯರು ನಕ್ಕರು. "ಮಿಸ್ತ್ರಿ ನಿನಗ ಎಮ್ಮಿ ಮಾಡಿಕೊಟ್ಟಾನೋ! ದೂರ ನಿಂತು ಹೊಡಿ, ಸಗಣಿ ಹಾಕೀತು!" ಪಂದ್ಯಗಾರ ಇಳಿದು ಬಾನೆಟ್ ಎತ್ತಿದ. ಉಪಕರಣವನ್ನು ಸ್ಕ್ರೂವಿನ ಮೇಲೆ ಇಟ್ಟೂಬಿಟ್ಟ. ಹಾಗೇ ನಿಂತ. ಮಿಸ್ತ್ರಿಯ ಮಾತು ಸರಿಯೆಂದು ಅವನಿಗೆ ಆಗಲೂ ಅನ್ನಿಸಿರಲಿಲ್ಲ. ನಳಿಗೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕುಳಿತಿದ್ದ ಆ ಮನುಷ್ಯನ ಮುಖ ನೆನಪಾಯಿತು, ಅಷ್ಟೆ. ಸ್ಕ್ರೂ ತಿರುಗಿಸದೆ ಬಾನೆಟ್ ಮುಚ್ಚಿದ.

ಏರಿನ ನಡುವೆ ಮುಂದಿನ ಕಾರಿನ ಧೂಳು ಕಂಡಿತು. ಅಲ್ಲಿಂದ ಮೇಲೆ ಅವನು ಆಕ್ಸಿಲರೇಟರಿನಿಂದ ಕಾಲೆತ್ತಲಿಲ್ಲ. ಎರಡನೆಯವನಾಗಿ ಬಂದ.

ಮರಳಿ ಬಂದು ಮಿಸ್ತ್ರಿಯೊಡನೆ ಜಗಳ ತೆಗೆದ. "ಆ ಒಂದು ಸುತ್ತು ಇಳಿಸದಿದ್ದರ ನಾ ಗೆಲ್ಲತಿದ್ದೆ!" ಮಿಸ್ತ್ರಿ ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ಗು ಬಿಚ್ಚಿ ಅವನ ಅಂಗೈಯಲ್ಲಿಟ್ಟ. ಅದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಲೋಹದ ಕಾಳುಗಳು ಹೊಳೆಯುತ್ತಿದ್ದವು.

"ಇವು ಪಿಸ್ಟನ್ನಿನವು. ಕರಗಲಿಕ್ಕೆ ಹತ್ತಿತ್ತರೀ. ಇನ್ನೊಂದು ಸುತ್ತಿನ ಗಾಳಿ ಇದ್ದಿದ್ದರ ನೀವು ಘಟ್ಟದ ಮೇಲೆ ಮುಟ್ಟತಿರಲಿಲ್ಲ."

ಪಂದ್ಯಗಾರ ಸ್ಕ್ರೂ ತಿರುಗಿಸುವ ಉಪಕರಣವನ್ನು ಮಿಸ್ತ್ರಿಗೆ ಮರಳಿ ಕೊಟ್ಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮಾವನಿಗೆ ತಡೆಯಲಾಗಲಿಲ್ಲ. "ಎಂಥ ಮಿಸ್ತ್ರಿ, ಅಪ್ಪಾರ! ಎಲ್ಲಿಗೆ ನಿಲ್ಲಬೇಕೆಂಬುದು ಅವನಿಗೆ ಗೊತ್ತಿತ್ತು."

ಗುರುಗಳೆಂದರು: "ಮಿಸ್ತ್ರಿ ಗೊತ್ತಿದ್ದು ನಿಲ್ಲಿಸಿದ. ಗೊತ್ತಿಲ್ಲದೆಯೂ ಸ್ಕ್ರೂ ತಿರುಗಿಸದೆ ನಿಂತವನು ಇನ್ನೊಬ್ಬನಿದ್ದನಲ್ಲ, ಮುರಿಗೆಪ್ಪಾ."

ಮಾವ ಆ ಶ್ರಾವಣವಿಡೀ ಒಪ್ಪೊತ್ತು ಊಟ ಮಾಡಿದರಂತೆ.

ಓದಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ, ಆತುರದವರೊಬ್ಬರು ಸಿಕ್ಕಾಗ ಹೇಳಲಿ ಎಂದು ನನ್ನ ಬಿನ್ನಹ.